ನಾಲ್ಕು ಇದ್ದದ್ದು ಎಂಟಾದಾಗ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಬಾಗಲಕೋಟೆ, ಬೆಳಗಾವಿ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್‌ಗೆ ಬಿಡುವಿಲ್ಲ. ರಸ ಹಿಂಡಿದ ಸಿಪ್ಪೆಯೇ ಉರುವಲು, ಅದರ ಉರಿಯಿಂದ ಉಗಿ, ಉಗಿಯಿಂದ ವಿದ್ಯುತ್ತು. ಉರಿ ಹದವಾಗಿದೆಯೇ ಎಂದು ತಿಳಿಯಲು ಹೊಗೆ ಸಾಗುವ ಡಕ್ಟ್‌ನಲ್ಲಿ ಒಂದು ಪ್ರೋಬ್ ಕೂರಿಸಿರುತ್ತಾರೆ. ಕಂಟ್ರೋಲ್ ರೂಮಿನ ಪರದೆಗೆ ಅದು ಕಳಿಸುವುದು ಒಂದೇ ಅಂಕಿ: ಹೊಗೆಯಲ್ಲಿ ಉಳಿದ ಆಮ್ಲಜನಕ ಶೇಕಡಾ ಎಷ್ಟು. ನಾಲ್ಕರ ಆಸುಪಾಸಿನಲ್ಲಿದ್ದ ಆ ಅಂಕಿ ಒಂದು ರಾತ್ರಿ ಎಂಟಕ್ಕೆ ಏರಿ ಕೂತುಬಿಟ್ಟರೆ ಇನ್ಸ್ಟ್ರುಮೆಂಟ್ ಸೆಕ್ಷನ್‌ಗೆ ಫೋನು ಹೋಗುತ್ತದೆ.

‘ಸರ, ಮೀಟರ್ ಕೆಟ್ಟೈತ್ರಿ.’

‘ಮೀಟರ್‌ಗೇನೂ ಆಗಿಲ್ರೀ, ನೀವು ಬಾಯ್ಲರ್ ನೋಡ್ಕೊಳ್ರಿ.’

ಆಮ್ಲಜನಕ ಅನಲೈಸರ್ ಇರುವ ಬಹುತೇಕ ಕಾರ್ಖಾನೆಗಳಲ್ಲಿ ಈ ಮಾತುಕತೆ ಒಂದಲ್ಲ ಒಂದು ಸಲ ನಡೆದೇ ಇರುತ್ತದೆ. ಇಬ್ಬರ ಮಾತಿನಲ್ಲೂ ಸತ್ಯವಿರಬಹುದು. ಕೆಟ್ಟಿರುವುದು ಉಪಕರಣವೋ, ಬದಲಾಗಿರುವುದು ಅನಿಲವೋ ಎಂದು ಬಿಡಿಸಿ ನೋಡುವುದು ದುರಸ್ತಿಯ ಅರ್ಧ ಕೆಲಸ. ಉಳಿದರ್ಧವನ್ನು ಯಾರೂ ಅಷ್ಟಾಗಿ ಕಲಿಸುವುದಿಲ್ಲ. ಈ ಉಪಕರಣ ಕೆಟ್ಟರೆ ಅಂಕಿ ಯಾವ ಕಡೆಗೆ ಜಾರುತ್ತದೆ, ಮೇಲಕ್ಕೋ ಕೆಳಕ್ಕೋ? ಹಾಗೆ ಜಾರಿದ ಅಂಕಿಯನ್ನು ನಂಬಿದರೆ ಅಪಾಯ ಯಾರಿಗೆ? ಒಂದೇ ದೋಷ ಒಂದು ಕಡೆ ಬರೀ ಕಿರಿಕಿರಿಯಾದರೆ ಇನ್ನೊಂದು ಕಡೆ ಜೀವ ತೆಗೆಯಬಲ್ಲದು.

ಬಾಯ್ಲರ್‌ಗೆ ಗಾಳಿ ಕಡಿಮೆಯಾದರೆ ಉರುವಲು ಅರೆಬೆಂದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಹೆಚ್ಚಾದರೆ ಬೇಡದ ಗಾಳಿಯನ್ನೆಲ್ಲ ಕಾಯಿಸಿ ಚಿಮಣಿಗೆ ಬಿಟ್ಟಂತೆ. ಹೊಗೆಯ ಆಮ್ಲಜನಕದ ಅಂಕಿಯನ್ನು, 20.9ರಲ್ಲಿ ಅದೇ ಅಂಕಿ ಕಳೆದು ಉಳಿದುದರಿಂದ ಭಾಗಿಸಿದರೆ ಹೆಚ್ಚುವರಿ ಗಾಳಿಯ ಅಂದಾಜು ಸಿಗುತ್ತದೆ. ನಾಲ್ಕು ಇದ್ದರೆ ಹೆಚ್ಚುವರಿ ಗಾಳಿ ಸುಮಾರು ಶೇ 24, ಎಂಟಾದರೆ ಶೇ 62. ಅಂಕಿ ದುಪ್ಪಟ್ಟಾದರೆ ಪೋಲು ದುಪ್ಪಟ್ಟನ್ನೂ ಮೀರುತ್ತದೆ.

ಬಾಯ್ಲರ್‌ಗಳ ಪ್ರೋಬ್‌ನಲ್ಲಿರುವುದು ಸಾಮಾನ್ಯವಾಗಿ ಜಿರ್ಕೋನಿಯಾ ಎಂಬ ಪಿಂಗಾಣಿ ಜಾತಿಯ ವಸ್ತು. ಸ್ವಲ್ಪ ಇಟ್ರಿಯಾ ಬೆರೆಸಿ 700 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಕಾಯಿಸಿದರೆ ಅದರೊಳಗೆ ಆಮ್ಲಜನಕದ ಅಯಾನುಗಳು ಸರಾಗವಾಗಿ ಚಲಿಸುತ್ತವೆ. ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ 1890ರ ದಶಕದ ಕೊನೆಗೆ ಇದೇ ಬಗೆಯ ವಸ್ತುವಿನಿಂದ ದೀಪ ಮಾಡಿದ್ದರು. 1889ರಲ್ಲಿ ಅವರು ಕೊಟ್ಟ ಸಮೀಕರಣವೇ ಇಂದಿಗೂ ಪ್ರೋಬ್‌ನ ಲೆಕ್ಕಕ್ಕೆ ಆಧಾರ. ಸೆಲ್‌ನ ಒಂದು ಮಗ್ಗುಲಿಗೆ ಶುದ್ಧ ಗಾಳಿ, ಇನ್ನೊಂದು ಮಗ್ಗುಲಿಗೆ ಹೊಗೆ. ಎರಡರ ಆಮ್ಲಜನಕದ ಅನುಪಾತಕ್ಕೆ ತಕ್ಕಂತೆ ಸಣ್ಣ ವೋಲ್ಟೇಜು ಹುಟ್ಟುತ್ತದೆ. ಸುಮಾರು 736 ಡಿಗ್ರಿಯಲ್ಲಿ ಆಮ್ಲಜನಕ ಹತ್ತು ಪಟ್ಟು ಇಳಿದರೆ ವೋಲ್ಟೇಜು 50 ಮಿಲಿವೋಲ್ಟ್ ಏರುತ್ತದೆ.

ಈ ಲೆಕ್ಕ ಗೊತ್ತಿದ್ದರೆ ಅರ್ಧ ಜಗಳ ಮಲ್ಟಿಮೀಟರ್ ಮುಂದೆಯೇ ತೀರುತ್ತದೆ. ಸೆಲ್‌ನ ಎರಡೂ ಕಡೆ ಗಾಳಿಯೇ ಇದ್ದರೆ ಸೊನ್ನೆ ಮಿಲಿವೋಲ್ಟ್. ಹೊಗೆಯಲ್ಲಿ ಶೇ 10 ಆಮ್ಲಜನಕವಿದ್ದರೆ 16, ಶೇ 3 ಇದ್ದರೆ 42, ಶೇ 1 ಇದ್ದರೆ 66. ಪ್ರೋಬ್‌ನ ತಂತಿಗಳಲ್ಲಿ 42 ಮಿಲಿವೋಲ್ಟ್ ಸಿಕ್ಕು, ಪರದೆ ಮಾತ್ರ 7.5 ಎನ್ನುತ್ತಿದ್ದರೆ ಸೆಲ್ಲನ್ನು ಬಿಚ್ಚುವ ಅಗತ್ಯವೇ ಇಲ್ಲ. ಬಹುಶಃ ಅನಲೈಸರ್‌ನ ರೇಂಜ್ 0ಯಿಂದ 10 ಇದ್ದು, ಕಂಟ್ರೋಲ್ ಸಿಸ್ಟಮ್‌ನಲ್ಲಿ ಯಾರೋ 0ಯಿಂದ 25 ಎಂದು ಬರೆದಿದ್ದಾರೆ. ಕರೆಂಟ್ ಲೂಪ್‌ನ 12 ಮಿಲಿಆಂಪಿಯರ್ ಮೊದಲನೆಯದರಲ್ಲಿ 5 ಆದರೆ ಎರಡನೆಯದರಲ್ಲಿ 12.5. ಹೊಸ ಕಾರ್ಡ್ ಹಾಕಿದ ಮೇಲೆ, ಸಾಫ್ಟ್‌ವೇರ್ ಬದಲಿಸಿದ ಮೇಲೆ ಇಂಥ ಎಡವಟ್ಟು ಸಾಮಾನ್ಯ. ಇಷ್ಟು ಸಣ್ಣದಕ್ಕೆ ದುಬಾರಿ ಸೆಲ್ ಬಲಿಯಾಗುವುದು ನಿಜಕ್ಕೂ ಸಂಕಟದ ಸಂಗತಿ.

ಮಿಲಿವೋಲ್ಟ್ ಕೂಡ ಎಂಟನ್ನೇ ಹೇಳುತ್ತಿದೆ ಎನ್ನಿ. ಆಗಲೂ ಸೆಲ್ ಮೇಲೆ ಅನುಮಾನ ಬೇಡ. ಪ್ರೋಬ್‌ನ ತಲೆಯಲ್ಲಿ ಕ್ಯಾಲಿಬ್ರೇಶನ್ ಗ್ಯಾಸ್ ಒಳಬಿಡಲು ಸಣ್ಣದೊಂದು ಕೊಳವೆ ಇರುತ್ತದೆ. ಪರೀಕ್ಷೆ ಮುಗಿದ ಮೇಲೆ ಅದರ ಬಾಯಿಗೆ ಕ್ಯಾಪ್ ಬಿಗಿಯಬೇಕು. ಕುಲುಮೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುವುದರಿಂದ ಕ್ಯಾಪ್ ಸಡಿಲವಾದರೆ ಸಾಕು, ಹೊರಗಿನ ಗಾಳಿ ಆ ಕೊಳವೆಯಲ್ಲಿ ಹಾದು ನೇರ ಸೆಲ್‌ನ ಮುಖಕ್ಕೇ ಬಂದು ಬೀಳುತ್ತದೆ. ಸೆಲ್ ತಾನು ಕಂಡದ್ದನ್ನೇ ಹೇಳುತ್ತದೆ. ಅದು ಕಾಣುತ್ತಿರುವುದು ಮಾತ್ರ ಹೊಗೆಯಲ್ಲ. ಫ್ಲಾಂಜ್‌ನ ಗ್ಯಾಸ್ಕೆಟ್ ಸುಟ್ಟಿದ್ದರೂ, ಪ್ರೋಬ್‌ಗಿಂತ ಮೊದಲು ಡಕ್ಟ್‌ನಲ್ಲಿ ಬಿರುಕು ಬಿಟ್ಟಿದ್ದರೂ ಇದೇ ಕಥೆ. ದೊಡ್ಡ ಉಷ್ಣವಿದ್ಯುತ್ ಸ್ಥಾವರಗಳಲ್ಲಿ ಗಾಳಿ ಕಾಯಿಸುವ ತಿರುಗುಚಕ್ರದ ಸೀಲುಗಳು ಸವೆದರೆ ಗಾಳಿ ಹೊಗೆಯ ಕಡೆಗೆ ನುಸುಳುತ್ತದೆ. ಪ್ರೋಬ್ ಆ ಚಕ್ರದ ಆಚೆಗಿದ್ದರೆ ಆ ಸೋರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ರೆಫರೆನ್ಸ್ ಗಾಳಿಯ ಮಗ್ಗುಲಿಗೆ ಹೊಗೆ ಸೋರಿದರೂ ಅಂಕಿ ಮೇಲಕ್ಕೇ ಹೋಗುತ್ತದೆ, ಏಕೆಂದರೆ ಎರಡೂ ಕಡೆಯ ವ್ಯತ್ಯಾಸ ಕಿರಿದಾಗಿ ವೋಲ್ಟೇಜು ಇಳಿಯುತ್ತದೆ.

ಜಿರ್ಕೋನಿಯಾ ಪ್ರೋಬ್‌ನ ಸಾಮಾನ್ಯ ದೋಷಗಳಲ್ಲಿ ಹೆಚ್ಚಿನವು ಅಂಕಿಯನ್ನು ಮೇಲಕ್ಕೆ ತಳ್ಳುವಂಥವು ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಬಾಯ್ಲರ್‌ನಲ್ಲಿ ಈ ಅಂಕಿ ನೋಡಿಕೊಂಡು ಫ್ಯಾನ್ ವೇಗ ತಾನಾಗಿಯೇ ಬದಲಾಗುವ ವ್ಯವಸ್ಥೆ ಇರುತ್ತದೆ. ಎಂಟು ಕಂಡ ಕೂಡಲೇ ಅದು ಗಾಳಿ ತಗ್ಗಿಸುತ್ತದೆ. ನಿಜವಾದ ಆಮ್ಲಜನಕ ಆಗಲೇ ನಾಲ್ಕಿತ್ತು, ಈಗ ಎರಡಕ್ಕೆ, ಒಂದಕ್ಕೆ ಇಳಿಯುತ್ತದೆ. ಹೊಗೆ ಕಪ್ಪಾಗುತ್ತದೆ, ಉರಿಯದ ಅನಿಲ ಒಳಗೆ ಸೇರಿಕೊಳ್ಳುತ್ತದೆ. ಅಂಕಿ ಹಠಾತ್ತನೆ ಏರಿದಾಗ ಮೊದಲು ಕಂಟ್ರೋಲನ್ನು ಮ್ಯಾನ್ಯುಯಲ್‌ಗೆ ಹಾಕಿ ಆಮೇಲೆ ಪ್ರೋಬ್ ಕಡೆ ನಡೆಯಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಯಾರದೂ ತಪ್ಪಿಲ್ಲದೆ ಎರಡು ಅಂಕಿ ಬೇರೆಯಾಗುವುದೂ ಉಂಟು. ಕಬ್ಬಿನ ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧ ನೀರೇ. ಅದು ಉರಿದಾಗ ಹೊಗೆಯ ಕಾಲು ಭಾಗದಷ್ಟು ಬರೀ ನೀರಾವಿ. ಡಕ್ಟ್‌ನೊಳಗೆ ಕೂತ ಪ್ರೋಬ್ ನೀರಾವಿ ಸಮೇತ ಅಳೆದು 4.5 ಎನ್ನುತ್ತದೆ. ಚಿಮಣಿ ತಪಾಸಣೆಗೆ ಬಂದವರ ಕೈಯಲ್ಲಿರುವ ಉಪಕರಣ ಹೊಗೆಯನ್ನು ತಣಿಸಿ, ನೀರು ತೆಗೆದು, ಒಣಗಿದ ಅನಿಲವನ್ನು ಅಳೆದು 6 ಎನ್ನುತ್ತದೆ. 4.5ನ್ನು 0.75ರಿಂದ ಭಾಗಿಸಿದರೆ ಬರುವುದೂ 6. ಎರಡೂ ಉಪಕರಣ ಸರಿಯಾಗಿವೆ. ಈ ಭಾಗಾಕಾರ ಮಾಡದೆ ಪ್ರೋಬ್‌ನ ಅಂಕಿಯನ್ನು ಆರಕ್ಕೆ ತಿರುಗಿಸಿ ‘ಸರಿಮಾಡಿದರೆ’ ಅಲ್ಲಿಂದ ಮುಂದೆ ಅದು ನಿಜವಾಗಿಯೂ ಕೆಟ್ಟಂತೆ.

ಹೊಗೆಯ ಲೋಕ ಬಿಟ್ಟು ಶುದ್ಧ ಸಾರಜನಕದ ಕಡೆ ಬಂದರೆ ಅಳತೆಯ ಮಾನವೇ ಬದಲಾಗುತ್ತದೆ. ಇಲ್ಲಿ ಮಾತು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ. ಒಳ್ಳೆಯ ಸಾರಜನಕದಲ್ಲಿ ಆಮ್ಲಜನಕ ಎರಡು ಮೂರು ಪಿಪಿಎಂ ಇರಬಹುದು. ಹೊರಗಿನ ಗಾಳಿಯಲ್ಲಿರುವುದು 2,09,000 ಪಿಪಿಎಂ. ಹತ್ತು ಸಾವಿರದಲ್ಲಿ ಒಂದು ಪಾಲು ಗಾಳಿ ಸ್ಯಾಂಪಲ್ ಲೈನ್‌ಗೆ ನುಸುಳಿದರೂ ಅಂಕಿ 21 ಪಿಪಿಎಂ ಮೇಲೇರುತ್ತದೆ. ‘ಲೈನ್‌ನಲ್ಲಿ ಒತ್ತಡ ಇದೆ, ಅನಿಲ ಹೊರಗೆ ಹೋಗಬಹುದು, ಗಾಳಿ ಒಳಗೆ ಬರಲು ಹೇಗೆ ಸಾಧ್ಯ?’ ಎಂಬ ವಾದ ಸಹಜವಾದದ್ದೇ. ಆದರೆ ಆಮ್ಲಜನಕದ ಅಣುವಿಗೆ ಕೊಳವೆಯ ಒಟ್ಟು ಒತ್ತಡದ ಹಂಗಿಲ್ಲ. ಹೊರಗೆ ತನ್ನವರು ಹೆಚ್ಚು, ಒಳಗೆ ಕಡಿಮೆ ಎಂದಾದರೆ ಸಂದು ಸಿಕ್ಕ ಕಡೆ ಒಳಗೆ ಹರಡಿಕೊಳ್ಳುತ್ತದೆ. ರಬ್ಬರ್, ಪ್ಲಾಸ್ಟಿಕ್, ಟೆಫ್ಲಾನ್ ಕೊಳವೆಗಳ ಗೋಡೆಯನ್ನೇ ಹಾದು ಬರುತ್ತದೆ. ಪಿಪಿಎಂ ಅಳತೆಗೆ ಸ್ಟೇನ್‌ಲೆಸ್ ಸ್ಟೀಲ್ ಟ್ಯೂಬೇ ಬೇಕು ಎನ್ನುವುದು ಇದರಿಂದಲೇ.

ಸೋರಿಕೆ ಹಿಡಿಯಲು ಎಲ್ಲರ ಕೈ ಮೊದಲು ಹೋಗುವುದು ಸಾಬೂನು ನೀರಿಗೆ. ದೊಡ್ಡ ಸೋರಿಕೆಗೆ ಅದು ಒಳ್ಳೆಯದೇ. ಸಣ್ಣದಕ್ಕೆ ಗುಳ್ಳೆಯೇ ಏಳುವುದಿಲ್ಲ. ಅನಲೈಸರ್ ಎದುರಿಗೇ ನಿಂತು ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ಬೇಕಾದದ್ದು ಫ್ಲೋಮೀಟರ್‌ನ ಗುಬುಟು ಒಂದೇ. ಗಾಜಿನ ನಳಿಗೆಯಲ್ಲಿ ಸಣ್ಣ ಗುಂಡು ನಿಮಿಷಕ್ಕೆ ಅರ್ಧ ಲೀಟರ್‌ನ ಗೆರೆಯಲ್ಲಿ ತೇಲುತ್ತಿದೆ, ಪರದೆಯಲ್ಲಿ 12 ಪಿಪಿಎಂ. ಗುಬುಟನ್ನು ನಿಧಾನ ತಿರುಗಿಸಿ ಗುಂಡನ್ನು ಒಂದು ಲೀಟರ್ ಗೆರೆಗೆ ಏರಿಸಬೇಕು, ಕೆಲವು ನಿಮಿಷ ಕಾಯಬೇಕು. ಅಂಕಿ 12ರಲ್ಲೇ ನಿಂತರೆ ಅನಿಲದಲ್ಲೇ 12 ಇದೆ, ಸಾರಜನಕ ಸ್ಥಾವರದವರಿಗೆ ಫೋನು ಮಾಡಬಹುದು. 7ಕ್ಕೆ ಇಳಿದರೆ ಸೋರಿಕೆ ಇದೆ. ಲೋಟ ನೀರು ಅಷ್ಟೇ ಇದ್ದು ಹಾಲು ಹೆಚ್ಚಿದರೆ ಹಾಲು ಗಟ್ಟಿಯಾದಂತೆ, ಸೋರಿ ಬರುವ ಗಾಳಿ ಅಷ್ಟೇ ಇದ್ದು ಸ್ಯಾಂಪಲ್ ಇಮ್ಮಡಿಯಾದಾಗ ಅದರ ಪಾಲು ಅರ್ಧಕ್ಕಿಳಿಯುತ್ತದೆ. ಹತ್ತು ಇದ್ದ ಸೋರಿಕೆಯ ಪಾಲು ಐದಾಗಿದೆ. ಹಾಗಾದರೆ ಅನಿಲದಲ್ಲಿ ನಿಜವಾಗಿ ಇರುವುದು 2 ಪಿಪಿಎಂ. ಒಂದು ಫಿಟ್ಟಿಂಗನ್ನೂ ಬಿಚ್ಚದೆ ಸೋರಿಕೆ ಇರುವುದೂ ಗೊತ್ತಾಯಿತು, ಅದರ ಪ್ರಮಾಣವೂ ಗೊತ್ತಾಯಿತು. ಇದಕ್ಕಿಂತ ಸೊಗಸಾದ ಪರೀಕ್ಷೆ ಈ ಕಸುಬಿನಲ್ಲಿ ಕಡಿಮೆ.

ಇಲ್ಲಿಯವರೆಗಿನವು ಹಣದ, ಗುಣಮಟ್ಟದ ಪ್ರಶ್ನೆಗಳು. ಜೀವದ ಪ್ರಶ್ನೆ ಬರುವುದು ಗ್ಯಾಲ್ವನಿಕ್ ಸೆನ್ಸರ್‌ನಲ್ಲಿ. ಪುಟ್ಟ ಡಬ್ಬಿಯಂಥ ಈ ಸೆನ್ಸರ್ ಸ್ವತಃ ಒಂದು ಬ್ಯಾಟರಿ. ಒಳಗೆ ಸೀಸದ ತುಂಡು, ಸಾಮಾನ್ಯವಾಗಿ ಕ್ಷಾರದ ದ್ರಾವಣ. ತೆಳು ಪೊರೆಯ ಮೂಲಕ ಬಂದ ಆಮ್ಲಜನಕದಿಂದ ಸೀಸ ಸವೆಯುತ್ತ ಕರೆಂಟ್ ಹುಟ್ಟುತ್ತದೆ. ಆಮ್ಲಜನಕ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು. ಸೀಸ ತೀರಿತೆಂದರೆ ಸೆನ್ಸರ್‌ನ ಆಯುಸ್ಸೂ ತೀರಿತು, ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ. ಡಿಸ್ಟಿಲರಿಯ ಹುದುಗು ತೊಟ್ಟಿಯಂಥ ಕಡೆ ಕಾರ್ಬನ್ ಡೈಆಕ್ಸೈಡ್ ಕ್ಷಾರವನ್ನು ಕೆಡಿಸುವುದರಿಂದ ಇನ್ನೂ ಬೇಗ. ಅಂಥಲ್ಲಿಗೆ ಆಮ್ಲೀಯ ದ್ರಾವಣದ ಸೆನ್ಸರ್ ಬೇರೆಯೇ ಸಿಗುತ್ತದೆ.

ಸಾಯುವ ಗ್ಯಾಲ್ವನಿಕ್ ಸೆನ್ಸರ್‌ನ ಅಂಕಿ ಕೆಳಕ್ಕಿಳಿಯುತ್ತ ಕೊನೆಗೆ ಸೊನ್ನೆಗೆ ಬರುತ್ತದೆ. ಕೆಲಸಗಾರರು ಓಡಾಡುವ ಕೋಣೆಯ ಗೋಡೆಯ ಮೇಲಿದ್ದರೆ ಇದರಿಂದ ಹಾನಿಯಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಉಸಿರಾಟಕ್ಕೆ ಹಾಕಿದ ಗೆರೆ ಶೇ 19.5. ಅಂಕಿ ಅದಕ್ಕಿಂತ ಇಳಿದರೆ ಗಂಟೆ ಬಡಿಯುತ್ತದೆ, ಜನ ಹೊರಗೆ ಓಡುತ್ತಾರೆ, ಕೊನೆಗೆ ಸೆನ್ಸರ್ ಸತ್ತಿದೆ ಎಂದು ತಿಳಿಯುತ್ತದೆ. ಇದೇ ಸೆನ್ಸರನ್ನು ಬೀದರಿನ ಕೊಳಾರದಲ್ಲೋ ನಂಜನಗೂಡಿನಲ್ಲೋ ಇರುವಂಥ ಔಷಧ ಕಾರ್ಖಾನೆಯ ದ್ರಾವಕದ ರಿಯಾಕ್ಟರ್‌ಗೆ ಹಾಕಿದರೆ ಅರ್ಥವೇ ತಲೆಕೆಳಗಾಗುತ್ತದೆ. ಅಲ್ಲಿ ಸಾರಜನಕ ತುಂಬಿ ಆಮ್ಲಜನಕವನ್ನು ಹೊರಗಟ್ಟುವುದು ಬೆಂಕಿ ಹತ್ತದಿರಲಿ ಎಂದು. ಸಾರಜನಕ ಬೆರೆತಾಗ ಮೆಥನಾಲ್ ಆವಿ ಹೊತ್ತಿಕೊಳ್ಳಲು ಕನಿಷ್ಠ ಶೇ 10ರಷ್ಟು ಆಮ್ಲಜನಕ ಬೇಕು, ಮೀಥೇನ್‌ಗೆ ಶೇ 12, ಹೈಡ್ರೋಜನ್‌ಗೆ ಶೇ 5 ಸಾಕು. ಈ ಗೆರೆಗಳಿಗಿಂತ ಬಹಳ ಕೆಳಗಿರಬೇಕು ಎನ್ನುವವರಿಗೆ ಪರದೆಯ ಸೊನ್ನೆ ನೆಮ್ಮದಿ ತರುವ ಅಂಕಿ. ಸೆನ್ಸರ್ ಸತ್ತಾಗಲೂ ಕಾಣುವುದು ಅದೇ ಸೊನ್ನೆ. ಗಂಟೆ ಬಡಿಯುವುದಿಲ್ಲ, ಯಾರೂ ಓಡುವುದಿಲ್ಲ, ರಿಯಾಕ್ಟರ್‌ಗೆ ಗಾಳಿ ಹೊಕ್ಕರೂ ಪರದೆ ಸೊನ್ನೆಯನ್ನೇ ತೋರಿಸುತ್ತಿರುತ್ತದೆ.

ಆದ್ದರಿಂದ ಇಂಥ ಕಡೆ ಅಲುಗದೆ ನಿಂತ ಸೊನ್ನೆಯನ್ನು ಎಲ್ಲಕ್ಕಿಂತ ಹೆಚ್ಚು ಅನುಮಾನಿಸಬೇಕು. ಜೀವಂತ ಉಪಕರಣದ ಟ್ರೆಂಡ್ ಗೆರೆ ಸ್ವಲ್ಪವಾದರೂ ನಡುಗುತ್ತದೆ. ಗಂಟೆಗಟ್ಟಲೆ ದಾರ ಎಳೆದಂತೆ ನೇರ ಇದ್ದರೆ ಸೆನ್ಸರ್ ಸತ್ತಿರಬಹುದು, ಸ್ಯಾಂಪಲ್ ಹರಿವು ನಿಂತಿರಬಹುದು, ಇಲ್ಲವೇ ಕ್ಯಾಲಿಬ್ರೇಶನ್ ಮಾಡಿದವರು ಔಟ್‌ಪುಟ್ಟನ್ನು ‘ಹೋಲ್ಡ್’ನಲ್ಲಿಟ್ಟು ಮರೆತಿರಬಹುದು. ಸತ್ತಿದೆಯೇ ಎಂದು ನೋಡಲು ಶೇಕಡಾ ಅಳೆಯುವ ಸೆನ್ಸರ್‌ಗೆ ಒಂದಿಷ್ಟು ಗಾಳಿ ತೋರಿಸಿದರೆ ಸಾಕು. 20.9ರ ಕಡೆಗೆ ಚುರುಕಾಗಿ ಏರದಿದ್ದರೆ ಅದು ಬದಲಾಗಬೇಕು, ಅದೇ ಪಾಳಿಯಲ್ಲಿ.

ಸಾರಜನಕ ಎಷ್ಟು ಸದ್ದಿಲ್ಲದೆ ಕೊಲ್ಲುತ್ತದೆ ಎಂಬುದಕ್ಕೆ ದಾಖಲೆಗಳಿವೆ. 1981ರ ಮಾರ್ಚ್ 19ರಂದು ಅಮೆರಿಕದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ‘ಕೊಲಂಬಿಯಾ’ ನೌಕೆಯ ಮೊದಲ ಹಾರಾಟದ ತಯಾರಿಯ ಹೊತ್ತಿಗೆ, ಸಾರಜನಕ ತುಂಬಿದ್ದ ಹಿಂಭಾಗದ ಎಂಜಿನ್ ಕೋಣೆಗೆ ತಂತ್ರಜ್ಞರು ಹೊಕ್ಕು ಕುಸಿದರು. ಒಬ್ಬರು ಅಂದೇ ತೀರಿಕೊಂಡರು, ಇನ್ನೊಬ್ಬರು ಕೆಲ ದಿನಗಳ ನಂತರ. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 1992ರಿಂದ 2002ರವರೆಗಿನ ಸಾರಜನಕ ದುರಂತಗಳನ್ನು ಕಲೆಹಾಕಿದಾಗ ಸಿಕ್ಕ ಸಾವುಗಳು 80. ಗಾಳಿಯಲ್ಲಿ ಆಮ್ಲಜನಕ ತೀರ ಕಡಿಮೆಯಾದರೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ. ವಾಸನೆಯಿಲ್ಲ, ಉಸಿರುಗಟ್ಟಿದ ಅನುಭವವೂ ಇಲ್ಲ. ಟ್ಯಾಂಕ್‌ಗೆ ಇಳಿಯುವವರ ಎದೆಗೆ ಸಿಕ್ಕಿಸಿದ ಪುಟ್ಟ ಮೀಟರ್ ಸರಿ ಇರಬೇಕು ಎಂದು ಹಠ ಹಿಡಿಯುವ ಸೇಫ್ಟಿ ಆಫೀಸರ್ ಪರವಾಗಿ ಎಲ್ಲರೂ ನಿಲ್ಲಬೇಕು.

ಆ ಪುಟ್ಟ ಮೀಟರ್‌ಗೆ ಊರಿನ ಎತ್ತರವೂ ತಾಗುತ್ತದೆ. ಹಲವು ಬಗೆಯ ಸೆನ್ಸರ್‌ಗಳು ಅಳೆಯುವುದು ಶೇಕಡಾವನ್ನಲ್ಲ, ಆಮ್ಲಜನಕದ ಆಂಶಿಕ ಒತ್ತಡವನ್ನು. ಮಂಗಳೂರಿನಲ್ಲಿ ವಾಯುಭಾರ ಸುಮಾರು 1,013 ಹೆಕ್ಟೋಪಾಸ್ಕಲ್, 900 ಮೀಟರ್‌ಗೂ ಎತ್ತರದ ಬೆಂಗಳೂರಿನಲ್ಲಿ 910ರ ಆಸುಪಾಸು. ಒತ್ತಡ ಸರಿದೂಗಿಸುವ ವ್ಯವಸ್ಥೆ ಇಲ್ಲದ ಮೀಟರನ್ನು ಮಂಗಳೂರಿನಲ್ಲಿ 20.9ಕ್ಕೆ ಹೊಂದಿಸಿ ಬೆಂಗಳೂರಿಗೆ ತಂದರೆ ಶುದ್ಧ ಗಾಳಿಯಲ್ಲೇ 18.8 ತೋರಿಸಿ ಕೂಗಿಕೊಳ್ಳುತ್ತದೆ. ಅದು ರಗಳೆ ಮಾತ್ರ. ಬೆಂಗಳೂರಿನಲ್ಲಿ ಹೊಂದಿಸಿ ಘಟ್ಟ ಇಳಿಸಿದರೆ ಕಥೆ ಬೇರೆ: ಅಲ್ಲಿ ಆಮ್ಲಜನಕ ಶೇ 17.5ಕ್ಕೆ ಕುಸಿದಿದ್ದರೂ ಅದು 19.5 ಎನ್ನುತ್ತ ಸುಮ್ಮನಿರುತ್ತದೆ. ಕರಾವಳಿಯ ಮಳೆಗಾಲದ್ದು ಇನ್ನೊಂದು ವಿಶೇಷ. 30 ಡಿಗ್ರಿ ಉಷ್ಣಾಂಶ, ಶೇ 80 ಆರ್ದ್ರತೆ ಇದ್ದರೆ ಗಾಳಿಯಲ್ಲಿ ನೀರಾವಿಯೇ ಶೇ 3ಕ್ಕಿಂತ ಹೆಚ್ಚು, ಆಮ್ಲಜನಕದ ಪಾಲು ಸುಮಾರು 20.2. ಮೀಟರ್ 20.2 ತೋರಿಸಿದರೆ ಅದು ಸರಿಯಾಗಿಯೇ ಇದೆ.

ಆಂಶಿಕ ಒತ್ತಡ ನೋಡುವ ಜಾತಿಯಲ್ಲಿ ದೊಡ್ಡಣ್ಣ ಪ್ಯಾರಾಮ್ಯಾಗ್ನೆಟಿಕ್ ಅನಲೈಸರ್. ಆಮ್ಲಜನಕವನ್ನು ಅಯಸ್ಕಾಂತ ಸೆಳೆಯುತ್ತದೆ ಎಂಬ ಗುಣದ ಮೇಲೆ ಅದು ನಿಂತಿದೆ. 1940ರಲ್ಲಿ ಜಲಾಂತರ್ಗಾಮಿಗಳ ಗಾಳಿ ಅಳೆಯಲು ಅಮೆರಿಕದ ನೌಕಾಪಡೆ ಉಪಕರಣ ಕೇಳಿದಾಗ ಲೈನಸ್ ಪಾಲಿಂಗ್ ಅದನ್ನು ರೂಪಿಸಿದರು, ಆರ್ನಲ್ಡ್ ಬೆಕ್‌ಮನ್ ತಯಾರಿಸಿ ಕೊಟ್ಟರು. ಯುದ್ಧ ಮುಗಿದ ಮೇಲೆ ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಇನ್‌ಕ್ಯುಬೇಟರ್‌ಗಳಿಗೂ ಅದು ಬಂತು. ತಂತಿಯಲ್ಲಿ ತೂಗಿದ ಎರಡು ಗಾಜಿನ ಗುಂಡುಗಳು ತಿರುಗುವುದನ್ನು ಬೆಳಕಿನಿಂದ ಅಳೆಯುವ ಈ ಸೂಕ್ಷ್ಮ ಯಂತ್ರಕ್ಕೆ ಕಂಪನ ಆಗದು, ಓರೆ ಆಗದು, ಒಂದು ಹನಿ ನೀರಂತೂ ಕೂಡದು. ನೈಟ್ರಿಕ್ ಆಕ್ಸೈಡನ್ನೂ ಅಯಸ್ಕಾಂತ ಸೆಳೆಯುವುದರಿಂದ ಅದು ಹೆಚ್ಚಿರುವ ಕಡೆ ಅಂಕಿ ತುಸು ಮೇಲೇ ನಿಲ್ಲುತ್ತದೆ.

ಕೋವಿಡ್‌ನ ಎರಡನೇ ಅಲೆಯ ಹೊತ್ತಿನಲ್ಲಿ ದೇಶದ ಆಸ್ಪತ್ರೆಗಳ ಅಂಗಳಕ್ಕೆ ಪಿಎಸ್‌ಎ ಆಮ್ಲಜನಕ ಘಟಕಗಳು ಬಂದವು. ಅವು ಜಿಯೋಲೈಟ್ ಹರಳುಗಳಿಂದ ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಶೇ 93ರ ಆಸುಪಾಸಿನ ಆಮ್ಲಜನಕ ಕೊಡುತ್ತವೆ. ಈ ಹರಳುಗಳಿಗೆ ಆರ್ಗಾನ್ ಅನಿಲವನ್ನು ಬೇರ್ಪಡಿಸಲು ಬರುವುದಿಲ್ಲ. ಗಾಳಿಯ ಶೇ 0.93 ಆರ್ಗಾನ್ ಆಮ್ಲಜನಕದ ಜೊತೆಗೇ ಬರುವುದರಿಂದ ಘಟಕ ಎಷ್ಟೇ ಚೆನ್ನಾಗಿ ನಡೆದರೂ ಶೇ 96 ದಾಟಲಾರದು. ಅಂಥ ಘಟಕದ ಫಲಕದಲ್ಲಿ 99 ಕಂಡರೆ ಸಂತೋಷಪಡುವ ಬದಲು ಕ್ಯಾಲಿಬ್ರೇಶನ್ ಗ್ಯಾಸ್ ತರಿಸಬೇಕು. ಅಂಕಿ 88ಕ್ಕೆ ಇಳಿದರೆ ಮಾತ್ರ ಯಾವ ವಾದವೂ ಬೇಡ. ಮೊದಲು ವಾರ್ಡನ್ನು ಸಿಲಿಂಡರ್ ಸಾಲಿಗೆ ಬದಲಿಸಿ, ಮೀಟರ್ ತಪ್ಪೋ ಹರಳು ಸೋತಿತೋ ಎಂದು ಆಮೇಲೆ ನಿಧಾನವಾಗಿ ನೋಡಬಹುದು.

ಎಲ್ಲ ಬಗೆಯ ಅನಲೈಸರ್‌ಗಳಿಗೂ ಒಂದು ದುರಭ್ಯಾಸ ಸಮಾನವಾಗಿ ಕಾಡುತ್ತದೆ. ಅಂಕಿ ತಪ್ಪು ಎನಿಸಿದ ಕೂಡಲೇ ಕ್ಯಾಲಿಬ್ರೇಟ್ ಮಾಡಿಬಿಡುವುದು. ಸೋರುವ ಲೈನನ್ನು, ಕಟ್ಟಿಕೊಂಡ ಫಿಲ್ಟರನ್ನು ಹಾಗೇ ಬಿಟ್ಟು ಕ್ಯಾಲಿಬ್ರೇಟ್ ಮಾಡಿದರೆ ದೋಷ ಉಪಕರಣದ ನೆನಪಿನೊಳಗೆ ಸೇರಿಹೋಗುತ್ತದೆ. ಜಿರ್ಕೋನಿಯಾ ಪ್ರೋಬ್‌ಗೆ ಶುದ್ಧ ಸಾರಜನಕವನ್ನು ‘ಜೀರೋ ಗ್ಯಾಸ್’ ಎಂದು ಕೊಡುವುದೂ ಹಾಗೆಯೇ. ಆಮ್ಲಜನಕ ಸೊನ್ನೆಯಾದರೆ ಅನುಪಾತದ ಲೆಕ್ಕಕ್ಕೆ ಅರ್ಥವೇ ಇಲ್ಲ. ಅದಕ್ಕೆ ಬೇಕಾದದ್ದು ಶೇ 0.4ರಂಥ ಗೊತ್ತಿರುವ ಪ್ರಮಾಣದ ಮಿಶ್ರಣ.

ಚೆನ್ನಾಗಿ ನಡೆಯುವ ಇನ್ಸ್ಟ್ರುಮೆಂಟ್ ಸೆಕ್ಷನ್‌ಗಳ ಲಾಗ್ ಪುಸ್ತಕದಲ್ಲಿ ಪ್ರತಿ ಕ್ಯಾಲಿಬ್ರೇಶನ್‌ಗೂ ಎರಡು ಕಾಲಂ ಇರುತ್ತವೆ: ತಿರುಗಿಸುವ ಮೊದಲು ಎಷ್ಟಿತ್ತು, ತಿರುಗಿಸಿದ ಮೇಲೆ ಎಷ್ಟಾಯಿತು. ಮೊದಲನೆಯ ಕಾಲಂ ಬಿಟ್ಟು ಎರಡನೆಯದನ್ನಷ್ಟೇ ತುಂಬುವವರೇ ಹೆಚ್ಚು, ಬೆಲೆಯಿರುವುದು ಮಾತ್ರ ಮೊದಲನೆಯದಕ್ಕೆ. ಶೇ 8ರ ಗ್ಯಾಸ್‌ಗೆ ಸೆನ್ಸರ್ ಒಂದು ಸಲ 7.9, ಮುಂದಿನ ಸಲ 7.7, ಅದರ ಮುಂದಿನ ಸಲ 7.3 ತೋರಿಸಿದ್ದರೆ ಅದು ಇಳಿಜಾರಿನಲ್ಲಿದೆ, ಇಳಿಯುವ ವೇಗವೂ ಹೆಚ್ಚುತ್ತಿದೆ. ವಾರ್ಷಿಕ ಶಟ್‌ಡೌನ್‌ವರೆಗೆ ಕಾಯದೆ ಹೊಸ ಸೆಲ್‌ಗಾಗಿ ಸ್ಟೋರ್ಸ್‌ಗೆ ಇಂಡೆಂಟ್ ಕಳಿಸಲು ಆ ಮೂರು ಅಂಕಿಗಳು ಸಾಕು.